ಎಡ ಅಂಚಿನ ಜಾಗ

ಮೈಲೂರ, ಬೀದರ
2 ಸೆಪ್ಟೆಂಬರ್ 2024

ಮಹಾಮಾಯಾ ಬಾಯಿಯವರಿಗೆ ಆದಾಬ್, ಜೈ ಭೀಮ್.

ಜುಲೈ ಏಳರ ಭಾನುವಾರ ಸಂಜೆ, ನಮ್ಮ ಮೈದಾನದಲ್ಲಿ ಆಟ ಮುಗಿಸಿ ಭಾಲ್ಕಿಗೆ ಮರಳುವಾಗ, ಹಲಬರ್ಗಾ ದಾಟಿದ ಮೇಲಿನ ತಿರುವಿನಲ್ಲಿ ಬೈಕು ಉರುಳಿ ನಿಮ್ಮ ಮಗ ಕುಣಾಲ ತೀರಿಕೊಂಡ. ಮರುದಿನ ನಿಮ್ಮ ಮನೆಗೆ ಬಂದವರಲ್ಲಿ ನಾನೂ ಒಬ್ಬ. ಇತ್ತೆಹಾದ್ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ, ಹೊಟ್ಟೆಪಾಡಿಗೆ ಮೆಡಿಕಲ್ ಅಂಗಡಿ. ಆ ದಿನದ ಗದ್ದಲದಲ್ಲಿ ನಿಮಗೆ ನನ್ನ ನೆನಪು ಉಳಿದಿರಲಿಕ್ಕಿಲ್ಲ. ನೀವು ಫೋನ್ ಎತ್ತುವುದನ್ನು ಬಿಟ್ಟಿದ್ದೀರಿ ಎಂದು ನಿಮ್ಮ ಮಗಳು ಉಜ್ವಲಾ ಹೇಳಿದಳು. ಅದಕ್ಕೇ ಈ ಪತ್ರ.

ನೀವು ನಮ್ಮ ಮೈದಾನ ನೋಡಿಲ್ಲ. ಸಣ್ಣದು. ಒಂದು ಬದಿಗೆ ಕೆಂಪು ಕಲ್ಲಿನ ಮೆಟ್ಟಿಲು, ಉಳಿದ ಮೂರು ಬದಿಗೆ ಗೋಡೆ, ಮೂಲೆಯಲ್ಲಿ ತಗಡಿನ ಕೋಣೆ. ಆದರೂ ನಾವು ಸ್ಟೇಡಿಯಂ ಅಂತಲೇ ಕರೆಯುತ್ತೇವೆ, ಏಕೆಂದರೆ ಅದು ನಮ್ಮದು. ಸರ್ಕಾರದ್ದಲ್ಲ, ಯಾವ ಸಾಹುಕಾರನದೂ ಅಲ್ಲ. ಹಿರಿಯರು ಜಾಗ ಕೊಂಡು, ಆಟಗಾರರೇ ಕಲ್ಲು ಹೊತ್ತು ಕಟ್ಟಿದ್ದು.

ಅವರೇ ಒಂದು ಪದ್ಧತಿಯನ್ನೂ ಇಟ್ಟು ಹೋಗಿದ್ದಾರೆ. ತಂಡದಲ್ಲಿ ಆಡುತ್ತಿದ್ದವನು ತೀರಿಕೊಂಡರೆ ಅವನ ಜಾಗದಲ್ಲಿ ಬೇರೆಯವರನ್ನು ನಿಲ್ಲಿಸುವುದಿಲ್ಲ. ಕೊನೆಯ ಸಲ ಅವನು ತೊಟ್ಟ ಜರ್ಸಿಯನ್ನು ಮನೆಯವರು ತಂದು ಮೈದಾನದ ನಡುವೆ ಇಡಬೇಕು. ಕ್ಯಾಪ್ಟನ್ ಅದನ್ನು ಎತ್ತಿಕೊಂಡ ಮೇಲೆಯೇ ಆ ಜಾಗ ತೆರವಾಗುತ್ತದೆ. ಅಲ್ಲಿಯವರೆಗೆ ಹತ್ತೇ ಮಂದಿ ಆಡುತ್ತೇವೆ. ಇದಕ್ಕೆ ಜಾಗ ಇಡುವುದು ಅನ್ನುತ್ತೇವೆ. ಕುಣಾಲ ನಮ್ಮ ಲೆಫ್ಟ್ ಔಟ್. ಎಡ ಅಂಚಿನ ಗೆರೆಗೆ ಅಂಟಿಕೊಂಡು ಮುಂದೆ ಓಡುವವನು.

ಮಳೆ ಮುಗಿದ ಕೂಡಲೇ ಜಿಲ್ಲಾ ಪಂದ್ಯಗಳು ಶುರುವಾಗುತ್ತವೆ. ಅವಸರವಿಲ್ಲ. ನಿಮಗೆ ಅನುಕೂಲವಾದಾಗ ಬನ್ನಿ, ಗಾಡಿ ಕಳಿಸುತ್ತೇನೆ.

ನಿಮ್ಮ ದುಃಖದಲ್ಲಿ ಪಾಲುದಾರ,
ಮುನೀರೋದ್ದೀನ


ಭಾಲ್ಕಿ
14 ಸೆಪ್ಟೆಂಬರ್ 2024

ಮುನೀರೋದ್ದೀನ ಸಾಹೇಬರಿಗೆ ಜೈ ಭೀಮ್.

ಪತ್ರ ತಲುಪಿತು. ಅವತ್ತು ನೀವು ಬಂದದ್ದು ನೆನಪಿದೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

ನಿಮ್ಮ ಪದ್ಧತಿಯ ಮೇಲೆ ನನಗೆ ಅಗೌರವವಿಲ್ಲ. ಆದರೆ ಮೂವತ್ತು ವರ್ಷ ಮಕ್ಕಳಿಗೆ ಕಾರಣ ಕೇಳಿ ಎಂದು ಕಲಿಸಿದವಳು ನಾನು. ಬಟ್ಟೆಯೊಂದು ಮಣ್ಣಿನ ಮೇಲೆ ಇಟ್ಟರೆ ಜಾಗ ತೆರವಾಗುತ್ತದೆ ಎನ್ನುವುದಕ್ಕೆ ಕಾರಣವಿಲ್ಲ. ನೀವು ಹನ್ನೊಂದನೆಯವನನ್ನು ಇಂದೇ ನಿಲ್ಲಿಸಿಕೊಳ್ಳಬಹುದು. ನನ್ನ ತಕರಾರಿಲ್ಲ.

ಜರ್ಸಿ ನನ್ನ ಹತ್ತಿರ ಇದೆ. ಇರಲಿ.

ಮಹಾಮಾಯಾ


ಮೈಲೂರ
21 ಅಕ್ಟೋಬರ್ 2024

ಬಾಯಿಯವರಿಗೆ ಆದಾಬ್.

ನಿಮ್ಮ ಉತ್ತರ ಬಂದ ಮೇಲೆ ಮತ್ತೆ ಕೇಳಬಾರದು ಎಂದುಕೊಂಡಿದ್ದೆ. ಈಗಲೂ ಕೇಳುತ್ತಿಲ್ಲ. ಆದರೆ ಇಲ್ಲಿ ನಡೆದದ್ದು ನಿಮಗೆ ತಿಳಿಯದಿರುವುದು ಸರಿಯಲ್ಲ ಅನಿಸಿತು. ನಾನು ನೋಡಿದ್ದನ್ನಷ್ಟೇ ಬರೆಯುತ್ತೇನೆ.

ಹತ್ತು ಮಂದಿಯಿಂದ ಆಡಿದ ಒಂದು ಪಂದ್ಯವನ್ನೂ ನಾವು ಸೋತಿಲ್ಲ. ಕುಣಾಲನ ಹಿಂದೆ ಆಡುವ ಲೆಫ್ಟ್ ಬ್ಯಾಕ್ ಹಣಮಂತ, ಖಟಕ ಚಿಂಚೋಳಿಯವನು, ನಿಮ್ಮ ಮನೆಗೆ ಬಂದಿದ್ದಾನೆ. ಮೊದಲ ಪಂದ್ಯದಲ್ಲೇ ಅವನು ಚೆಂಡನ್ನು ಎಡ ಅಂಚಿನ ಖಾಲಿ ಜಾಗಕ್ಕೆ ಒದ್ದ. ರೂಢಿಬಲ, ಪಾಪ, ಎಂದುಕೊಂಡೆ. ಹೊರಗೆ ಹೋಗಬೇಕಿದ್ದ ಚೆಂಡು ಗೆರೆಯ ಒಳಗೇ ನಿಂತಿತು. ಮಳೆ ಹೋಗಿ ಹುಲ್ಲು ದಟ್ಟವಾಗಿತ್ತು, ಹುಲ್ಲು ತಡೆದಿರಬಹುದು. ಆಮೇಲೆ ಅದು ನಡುಮೈದಾನದ ಕಡೆಗೆ ಉರುಳಿತು. ಅಲ್ಲಿ ಇಳಿಜಾರಿದೆ ಎಂದು ಹೇಳಿಕೊಂಡೆ. ನಲವತ್ತು ವರ್ಷದಿಂದ ಆ ಮೈದಾನದಲ್ಲಿ ಓಡಾಡಿದವನು ನಾನು. ಅಲ್ಲಿ ಇಳಿಜಾರಿಲ್ಲ.

ಔರಾದದ ತಂಡ ಬಂದ ದಿನ ಅವರ ರೈಟ್ ಬ್ಯಾಕ್ ಆಟದುದ್ದಕ್ಕೂ ನಮ್ಮ ಎಡ ಅಂಚನ್ನು ಬಿಟ್ಟು ಕದಲಲಿಲ್ಲ. ಅವರ ಕೋಚ್ ಗೆರೆಯಾಚೆಯಿಂದ ಬೈದರು: "ಲೇ, ಯಾರನ್ನ ಕಾಯ್ಲಾಕತ್ತೀಯೋ ಅಲ್ಲಿ?" ಅವನು ತಿರುಗಿ ನೋಡದೆ ಪಕ್ಕಕ್ಕೆ ಬೆರಳು ತೋರಿಸಿ, "ಇಂವನ್ರಿ," ಅಂದ. ಮೆಟ್ಟಿಲ ಮೇಲಿದ್ದವರು ನಕ್ಕರು. ನಮ್ಮ ಆಟಗಾರರು ಯಾರೂ ನಗಲಿಲ್ಲ.

ನಮ್ಮಲ್ಲಿ ಹುಲ್ಲು ಕತ್ತರಿಸುವ ಯಂತ್ರವಿಲ್ಲ. ಹಣಮಂತನ ತಂದೆ ಮಡೆಪ್ಪ ಕುರಿ ತಂದು ಮೇಯಿಸುತ್ತಾರೆ. ಅವರದು ಯಾವಾಗಲೂ ಒಂದೇ ಚೇಷ್ಟೆ, ನಮ್ಮ ಕುರಿಗಳಿಗೆ ಒಂದೊಂದು ಚಡ್ಡಿ ಹೊಲಿಸಿಕೊಡಿ, ನಿಮ್ಮ ಫಾರ್ವರ್ಡುಗಳಿಗಿಂತ ಚೆನ್ನಾಗಿ ಓಡುತ್ತವೆ ಅಂತ. ಹೋದ ವಾರ ಬೆಳಿಗ್ಗೆ ನಾವಿಬ್ಬರೂ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದೆವು. ಹಿಂಡು ಮೈದಾನದ ತುಂಬ ಹರಡಿ ಮೇಯುತ್ತಿತ್ತು. ಎಡ ಅಂಚಿನಲ್ಲಿ ಕುರಿಗಳು ಮೇಯುತ್ತಲೇ ಅತ್ತ ಇತ್ತ ಸರಿದವು. ನಡುವೆ ಒಬ್ಬ ಮನುಷ್ಯ ಹಾಯುವಷ್ಟು ದಾರಿ ತೆರೆಯಿತು. ಆ ದಾರಿ ಮುಂದೆ ಮುಂದೆ ಹೋಯಿತು, ಹಿಂದೆ ಹಿಂದೆ ಮುಚ್ಚಿಕೊಂಡಿತು. ಒಂದು ಕುರಿಯೂ ಬೆದರಲಿಲ್ಲ. ಮಡೆಪ್ಪ ಕಪ್ಪು ಕೆಳಗಿಟ್ಟು, ಯಾರೋ ಹಾದು ಹೋದರು ಎಂದಷ್ಟೇ ಹೇಳಿದರು. ಆಮೇಲೆ ಚಡ್ಡಿಯ ಮಾತು ಎತ್ತಿಲ್ಲ.

ಹುಡುಗನಾಗಿದ್ದಾಗ ಜಾಗ ಇಡುವುದೆಂದರೆ ಸತ್ತವನಿಗೆ ತೋರಿಸುವ ಗೌರವ ಎಂದು ತಿಳಿದಿದ್ದೆ. ಹಿರಿಯರು ಅದನ್ನು ಎಚ್ಚರಿಕೆಗಾಗಿ ಇಟ್ಟಿರಬಹುದೇ ಎಂದು ಈಗ ಯೋಚಿಸುತ್ತೇನೆ.

ಸಮಿತಿಯವರಿಗೆ ಇದೆಲ್ಲ ಬೇಡ. ಗೆಲ್ಲುತ್ತಿದ್ದೇವಲ್ಲ, ಬಾಯಿಯವರನ್ನು ಜರ್ಸಿ ಕೇಳಲು ಹೋಗಬೇಡಿ ಅನ್ನುತ್ತಾರೆ. ಅದನ್ನೂ ನಿಮಗೆ ತಿಳಿಸಿದ್ದೇನೆ.

ಮುನೀರೋದ್ದೀನ


ಭಾಲ್ಕಿ
4 ನವೆಂಬರ್ 2024

ಮುನೀರೋದ್ದೀನ ಸಾಹೇಬರಿಗೆ ಜೈ ಭೀಮ್.

ನಮ್ಮ ಮನೆಯಲ್ಲಿ ಆತ್ಮ ಎಂಬ ಮಾತಿಲ್ಲ. ನಮ್ಮ ಮಾವನವರು ಬುದ್ಧನ ದಾರಿ ಹಿಡಿದ ಕಾಲದಲ್ಲೇ ಅದನ್ನು ಬಿಟ್ಟಿದ್ದೇವೆ. ಸತ್ತವರು ಸತ್ತರು. ಕುರಿಗಳು ಸರಿಯಲು ನೂರು ಕಾರಣಗಳಿರುತ್ತವೆ, ನಿಮ್ಮ ಕಣ್ಣಿಗೆ ಕಂಡದ್ದು ಒಂದು.

ಆದರೂ ಕೆಲವು ವಿಷಯ ಕೇಳುತ್ತೇನೆ. ತಿಳಿದುಕೊಳ್ಳಲು ಮಾತ್ರ.

ಹಿಂದಕ್ಕೆ ಉರುಳಿದ ಚೆಂಡು ಜೋರಾಗಿ ಬಂತೋ, ನಿಧಾನವಾಗಿಯೋ? ಕುಣಾಲ ಏನನ್ನು ಕೊಡುವಾಗಲೂ ಒಂದು ಕ್ಷಣ ತಡೆದು ಕೊಡುತ್ತಿದ್ದ, ನೀರಿನ ಲೋಟವಾದರೂ ಅಷ್ಟೇ. ಮೈದಾನದಲ್ಲಿಯೂ ಹಾಗೆಯೇ ಇದ್ದನೇ? ಕುರಿಗಳ ನಡುವಿನ ದಾರಿ ನೇರವಾಗಿತ್ತೋ? ಅವನ ಬಲಗಾಲು ಸ್ವಲ್ಪ ಒಳಕ್ಕೆ ಬೀಳುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ನನಗೆ ಕಾಣುತ್ತಿತ್ತು.

ಅವನ ಆಟ ನೋಡಲು ನಾನು ಒಮ್ಮೆಯೂ ಬರಲಿಲ್ಲ. ಅವನು ಕರೆಯಲೂ ಇಲ್ಲ, ಬೇಡವೆನ್ನಲೂ ಇಲ್ಲ. ಭಾನುವಾರ ಆಡಿ ಬರುತ್ತಿದ್ದ, ಸೋಮವಾರ ನಾನು ಬಟ್ಟೆ ಒಗೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಫುಟ್‌ಬಾಲ್ ಎಂದರೆ ಇಷ್ಟೇ. ಈಗಲೂ ಸೋಮವಾರ ಒಗೆಯುತ್ತೇನೆ. ಇವತ್ತೂ ಒಗೆದು ಬಂದೇ ಬರೆಯುತ್ತಿದ್ದೇನೆ.

ಮಹಾಮಾಯಾ


ಮೈಲೂರ
25 ನವೆಂಬರ್ 2024

ಬಾಯಿಯವರಿಗೆ ಆದಾಬ್.

ನಿಧಾನವಾಗಿ ಬಂತು. ತಡೆದು ಬಂತು. ಕುರಿಗಳ ದಾರಿ ನೇರವಾಗಿರಲಿಲ್ಲ. ಇದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಇಂದು ಬರೆಯುತ್ತಿರುವುದು ಹಣಮಂತನ ಬಗ್ಗೆ. ಅವನ ಹೆಂಡತಿ ಆರತಿ ನಿನ್ನೆ ಅಂಗಡಿಗೆ ಬಂದಳು. ಗಿರಾಕಿಗಳು ಹೋಗುವವರೆಗೆ ಒಂದು ಮೂಲೆಯಲ್ಲಿ ನಿಂತಿದ್ದು, ಆಮೇಲೆ ಹೇಳಿದಳು. ಅವನು ಬೀಜದ ಅಂಗಡಿಯ ಕೆಲಸ ಬಿಟ್ಟಿದ್ದಾನೆ. ಮಗಳನ್ನು ಎತ್ತಿಕೊಳ್ಳುವುದಿಲ್ಲ. ಎಲ್ಲಿ ಕುಳಿತರೂ ಎಡಕ್ಕೆ ಒಂದಿಷ್ಟು ಜಾಗ ಬಿಟ್ಟು ಕೂರುತ್ತಾನೆ. ಭಾನುವಾರ ಆಟ ಮುಗಿದ ಕೂಡಲೇ ಬೈಕು ತೆಗೆದು ಭಾಲ್ಕಿ ರಸ್ತೆ ಹಿಡಿಯುತ್ತಾನೆ. ಎಲ್ಲಿಗೆ ಎಂದು ಕೇಳಿದರೆ, "ಕುಣಾಲಗ ಮನೀಗಿ ಬಿಟ್ಟು ಬರ್ತೇನಿ," ಅನ್ನುತ್ತಾನೆ.

ಇದರ ಹಿನ್ನೆಲೆ ನಿಮಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಭಾನುವಾರ ಕುಣಾಲನನ್ನು ಬಸ್‌ಸ್ಟ್ಯಾಂಡಿಗೆ ಬಿಡುತ್ತಿದ್ದವನು ಹಣಮಂತ. ಜುಲೈ ಏಳರಂದು ಮಗಳಿಗೆ ಜ್ವರವೆಂದು ಅವನು ಬೇಗ ಹೊರಟುಹೋದ. ಕುಣಾಲ ಯಾರದೋ ಬೈಕು ಕೇಳಿಕೊಂಡು ತಾನೇ ಹೋದ. ಅದರಲ್ಲಿ ಯಾರ ತಪ್ಪೂ ಇಲ್ಲ. ಈ ಮಾತನ್ನು ಹಣಮಂತನಿಗೆ ಎಲ್ಲರೂ ಹೇಳಿದ್ದೇವೆ. ತಲೆ ತಗ್ಗಿಸಿ ಕೇಳುತ್ತಾನೆ.

ನಾನು ಅವನನ್ನು ಕೋಣೆಗೆ ಕರೆದು, ತಂಡದಿಂದ ಸ್ವಲ್ಪ ದಿನ ಹೊರಗಿರು ಅಂದೆ. ಅವನು ಸಿಟ್ಟಾಗಲಿಲ್ಲ. "ನಾ ಇಲ್ದಿದ್ರ ಅವಂಗ ಪಾಸ್ ಯಾರ್ ಕೊಡ್ತಾರ್ರಿ ಚಾಚಾ?" ಅಂದ. ಅವನ ಹೆಸರನ್ನು ತಂಡದ ಪಟ್ಟಿಯಲ್ಲಿ ಹಾಗೆಯೇ ಉಳಿಸಿದೆ.

ಬಾಯಿಯವರೇ, ಇಷ್ಟು ದಿನ ಕ್ಲಬ್ಬಿನ ಪದ್ಧತಿಗಾಗಿ ಕೇಳಿದ್ದೆ. ಈಗ ಬದುಕಿರುವ ಒಬ್ಬನಿಗಾಗಿ ಕೇಳುತ್ತಿದ್ದೇನೆ. ಜರ್ಸಿ ಕೊಡಿ.

ಮುನೀರೋದ್ದೀನ


ಭಾಲ್ಕಿ
10 ಡಿಸೆಂಬರ್ 2024

ಮುನೀರೋದ್ದೀನ ಸಾಹೇಬರಿಗೆ ಜೈ ಭೀಮ್.

ಭಾನುವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯ ಬಾಯಿಗೆ ಒಂದು ಬೈಕು ಬಂದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಿರುಗಿ ಹೋಗುತ್ತದೆ. ಯಾರದೆಂದು ನಾನು ಹೊರಗೆ ಹೋಗಿ ನೋಡಿಲ್ಲ. ಈಗ ನಿಮ್ಮಿಂದ ತಿಳಿಯಿತು.

ಉಜ್ವಲಾ ಔರಾದದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವುದು ನಿಮಗೆ ಗೊತ್ತು. ಬರುವ ಭಾನುವಾರಕ್ಕೆ ರಜೆ ತೆಗೆದಿದ್ದಾಳೆ. ಅವಳ ಕೈಯಲ್ಲಿ ಜರ್ಸಿ ಕಳಿಸುತ್ತೇನೆ. ಅವನ ಅಕ್ಕ ಇಟ್ಟರೂ ಮನೆಯವರು ಇಟ್ಟಂತೆಯೇ.

ಮಹಾಮಾಯಾ


ಮೈಲೂರ
30 ಡಿಸೆಂಬರ್ 2024

ಬಾಯಿಯವರಿಗೆ ಆದಾಬ್.

ಉಜ್ವಲಾ ಬಂದಳು. ಅಳಲಿಲ್ಲ. ಮೈದಾನದ ನಡುವೆ ಜರ್ಸಿ ಇಟ್ಟು ಮೂರು ಸಲ ಕೈಮುಗಿದು ಹಿಂದೆ ಸರಿದಳು. ನಾವು ಮನಸ್ಸಿನಲ್ಲೇ ದುವಾ ಮಾಡಿದೆವು. ಮಡೆಪ್ಪ ಟೋಪಿ ತೆಗೆದು ನಿಂತಿದ್ದರು. ಕ್ಯಾಪ್ಟನ್ ಎತ್ತಿಕೊಂಡ. ಹಣಮಂತ ಮೆಟ್ಟಿಲ ಮೇಲೆ ಕುಳಿತು, ಬೇರೆ ಯಾರದೋ ಮನೆಯ ಕಾರ್ಯಕ್ರಮ ನೋಡುವವನಂತೆ ನೋಡಿದ.

ಮುಂದಿನ ಭಾನುವಾರ, ಅಂದರೆ ಇಪ್ಪತ್ತೆರಡಕ್ಕೆ, ಎಡ ಅಂಚಿಗೆ ತಸ್ಲೀಮನನ್ನು ನಿಲ್ಲಿಸಿದೆ. ಕಾಲೇಜು ಮುಗಿಸಿದ ಹುಡುಗ, ಗಟ್ಟಿ, ಯಾವುದಕ್ಕೂ ಹೆದರುವವನಲ್ಲ. ಆಟ ಶುರುವಾಗಿ ಸ್ವಲ್ಪವೇ ಹೊತ್ತಿಗೆ ಅವನು ತಾನಾಗಿಯೇ ನಡೆದು ಗೆರೆಯ ಹೊರಗೆ ಬಂದ.

"ನಂಗ ಹೊರಗ ತಗೀರಿ ಸಾಹೇಬ್. ಅಲ್ಲಿ ಜಾಗಾ ಇಲ್ರಿ."

ಬದಲಿ ಆಟಗಾರರು, ಇಷ್ಟು ದೊಡ್ಡ ಮೈದಾನದಲ್ಲಿ ಜಾಗ ಇಲ್ಲವಂತೆ, ಬೆಳಿಗ್ಗೆ ಬಿರಿಯಾನಿ ಹೆಚ್ಚಾಗಿರಬೇಕು ಎಂದು ಕಾಡಿಸಿದರು. ಅವನು ನಗಲಿಲ್ಲ. ತನ್ನ ಎಡತೋಳನ್ನು ಉಜ್ಜಿಕೊಳ್ಳುತ್ತಿದ್ದ, ತುಂಬಿದ ಬಸ್ಸಿನಿಂದ ಇಳಿದವನ ಹಾಗೆ. ಅವನನ್ನು ಕೂರಿಸಿ ಹತ್ತೇ ಮಂದಿಯಿಂದ ಆಟ ಮುಗಿಸಿದೆ. ಗೆದ್ದೆವು. ಅವತ್ತೂ ನಿನ್ನೆಯೂ ಹಣಮಂತ ಬೈಕು ತೆಗೆದುಕೊಂಡು ಹೋದ.

ಒಂದು ಮಾತು ಕೇಳಲು ಸಂಕೋಚವಾಗುತ್ತದೆ. ಉಜ್ವಲಾ ತಂದ ಜರ್ಸಿಯನ್ನು ಸಂಜೆ ಬಿಚ್ಚಿ ನೋಡಿದೆ. ನಮ್ಮ ಜರ್ಸಿ ಬಿಳಿಯದು, ಹಸಿರು ಪಟ್ಟಿ. ಒಂದು ಸೀಸನ್ ಆಡಿದರೆ ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಇದರಲ್ಲಿ ಅಂಗಡಿಯ ಮಡಿಕೆ ಹಾಗೆಯೇ ಇದೆ. ನಾವು ಪ್ರತಿ ಆಟಗಾರನಿಗೂ ಎರಡು ಕೊಡುತ್ತೇವೆ.

ನಾನು ತಪ್ಪು ತಿಳಿದಿದ್ದರೆ ಕ್ಷಮಿಸಿ.

ಮುನೀರೋದ್ದೀನ


ಭಾಲ್ಕಿ
9 ಜನವರಿ 2025

ಮುನೀರೋದ್ದೀನ ಸಾಹೇಬರಿಗೆ ಜೈ ಭೀಮ್.

ತಪ್ಪು ತಿಳಿದಿಲ್ಲ. ಅವನು ಇನ್ನೂ ತೊಡದಿದ್ದದ್ದನ್ನು ಕಳಿಸಿದೆ. ಉಜ್ವಲಾಗೂ ಗೊತ್ತಿಲ್ಲ. ಬಟ್ಟೆ ಯಾವುದಾದರೇನು, ನಿಮ್ಮವರ ಮನಸ್ಸಿಗೆ ಸಮಾಧಾನವಾದರೆ ಸಾಕು ಎಂದುಕೊಂಡೆ. ನಿಮಗೆ ನಂಬಿಕೆ ಮುಖ್ಯ, ನನಗೆ ಜರ್ಸಿ ಮುಖ್ಯ. ಇಬ್ಬರಿಗೂ ಸಲ್ಲುತ್ತದೆ ಎಂದು ಲೆಕ್ಕ ಹಾಕಿದ್ದೆ.

ಯಾಕೆ ಮುಖ್ಯ ಎಂದು ಹೇಳುತ್ತೇನೆ. ಯಾರಿಗೂ ಹೇಳಿಲ್ಲ.

ಆಸ್ಪತ್ರೆಯವರು ಅವನ ಬಟ್ಟೆಗಳನ್ನು ಚೀಲದಲ್ಲಿ ಕೊಟ್ಟರು. ಜರ್ಸಿಯನ್ನು ಮೊದಲ ಸಲ ಒಗೆದಾಗ ನೀರು ಕೆಂಪಾಯಿತು. ಅದು ಏನೆಂದು ನನಗೆ ಗೊತ್ತಿತ್ತು. ಚೆನ್ನಾಗಿ ಒಗೆದು, ಒಣಗಿಸಿ, ಟ್ರಂಕಿನಲ್ಲಿ ಇಟ್ಟೆ.

ಸೆಪ್ಟೆಂಬರಿನಲ್ಲಿ ಒಂದು ಸೋಮವಾರ ಸುಮ್ಮನೆ ಹೊರಗೆ ತೆಗೆದೆ. ಬೆನ್ನಿಗೂ ಎಡ ಮಗ್ಗುಲಿಗೂ ಮಣ್ಣಾಗಿತ್ತು. ಒಗೆದೆ. ನೀರು ಮತ್ತೆ ಕೆಂಪಾಯಿತು. ಈ ಸಲ ರಕ್ತವಲ್ಲ. ರಕ್ತ ನೀರಿನಲ್ಲಿ ಕರಗಿ ಹೋಗುತ್ತದೆ, ಮಣ್ಣು ಬಕೆಟ್ಟಿನ ತಳಕ್ಕೆ ಕೂರುತ್ತದೆ. ನಮ್ಮ ಭಾಲ್ಕಿಯದು ಎರೆಮಣ್ಣು, ಕರಿ. ಈ ಮನೆಯ ಸುತ್ತ ಹರಿದಾರಿ ನಡೆದರೂ ಕೆಂಪು ಮಣ್ಣು ಸಿಗುವುದಿಲ್ಲ. ಅದು ನಿಮ್ಮ ಬೀದರದ್ದು.

ಅಂದಿನಿಂದ ಪ್ರತಿ ಸೋಮವಾರ ಹಾಗೆಯೇ. ಆಟವಿಲ್ಲದ ಭಾನುವಾರದ ಮರುದಿನ ಜರ್ಸಿ ಸ್ವಚ್ಛವಾಗಿರುತ್ತದೆ. ನಿಮ್ಮ ಪಂದ್ಯಗಳು ಯಾವ ಯಾವ ವಾರ ನಡೆದವು ಎಂದು ನೀವು ಬರೆಯದಿದ್ದರೂ ನಾನು ಹೇಳಬಲ್ಲೆ.

ಇದಕ್ಕೆ ಕಾರಣ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದರೂ ಬೇಸರವಾಗಲಿಲ್ಲ. ನನ್ನ ವಯಸ್ಸಿನವಳಿಗೆ ಆಶ್ಚರ್ಯವಾಗಬೇಕಾದದ್ದು ಅದೇ. ಕಲಿಸಿದ್ದನ್ನೆಲ್ಲ ಒಂದು ಬಕೆಟ್ಟು ನೀರಿಗೆ ಬಿಟ್ಟುಕೊಟ್ಟೆ.

ನೀವು ಗೆಲ್ಲುತ್ತಿದ್ದೀರಿ. ಅವನು ಆಡುತ್ತಿದ್ದಾನೆ. ನಾನು ಒಗೆಯುತ್ತಿದ್ದೇನೆ. ಹಣಮಂತನಿಗೆ ಒಳ್ಳೆಯ ಡಾಕ್ಟರ ಹತ್ತಿರ ಚಿಕಿತ್ಸೆ ಕೊಡಿಸಿ. ಅವನಿಗಿರುವುದು ದುಃಖ. ದುಃಖಕ್ಕೆ ಈಗ ಔಷಧವಿದೆಯಂತೆ, ನಿಮ್ಮ ಅಂಗಡಿಯಲ್ಲೇ ಸಿಗಬಹುದು.

ಜರ್ಸಿ ಕೊಡುವುದಿಲ್ಲ. ಇನ್ನು ಈ ವಿಷಯಕ್ಕೆ ಬರೆಯಬೇಡಿ.

ಮಹಾಮಾಯಾ


ಬೀದರ
11 ಫೆಬ್ರುವರಿ 2025

ಮಹಾಮಾಯಾ ಬಾಯಿಯವ್ರಿಗಿ ಆರತಿ ಮಾಡೋ ನಮಸ್ಕಾರ್ರಿ.

ನಾ ಹಣಮಂತನ ಹೆಂಡ್ತಿರಿ. ನಿಮ್ಮ ಅಡ್ರೆಸ್ ಮುನೀರ ಚಾಚಾ ಕೊಟ್ರು. ಅವ್ರು ನಾ ಬರ್ಯಂಗಿಲ್ಲಮ್ಮ, ಬಾಯಿಯವ್ರು ಬ್ಯಾಡ ಅಂದಾರ, ಬೇಕಾದ್ರ ನೀ ಬರಿ ಅಂದ್ರು. ನಂಗ ನಿಮ್ಮಂಗ ಬರಿಲಾಕ ಬರಲ್ರಿ. ಬಾಯಾಗ ಬಂದಂಗ ಬರೀತೇನಿ.

ಹತ್ತು ದಿನದ ಹಿಂದಿನ ಐತಾರ ಇವ್ರು ನಿಮ್ಮೂರಿಗಿ ಹೋಗೂವಾಗ ಹಲಬರ್ಗಾ ದಾಟಿ ಅದೇ ತಿರುವಿನ್ಯಾಗ ಬಿದ್ರು. ಕಾಲು ಮುರದದ. ಪ್ಲಾಸ್ಟರ್ ಹಾಕ್ಯಾರ. ಬೈಕಿನ ಮುಂದಿನ ಗಾಲಿ ವಾರೆಯಾಗಿ ಗ್ಯಾರೇಜಿನ್ಯಾಗ ಬಿದ್ದದ. ಖರೇ ಹೇಳ್ಬೇಕಂದ್ರ ನಂಗ ಅವತ್ತು ಸಮಾಧಾನಾತು. ಕಾಲು ಮುರದ್ರ ಮುರೀಲಿ, ಇನ್ನ ಹೋಗಂಗಿಲ್ಲ ಅಂತ.

ಮೊನ್ನಿ ಐತಾರ ದವಾಖಾನಿಯೊಳಗ ಬಾಜೂಕ ಕೂತಿದ್ನಿ. ಸಂಜೀಗಿ ಇವ್ರು ಮಾತಾಡ್ಕೋತ ಮಾತಾಡ್ಕೋತ ಸುಮ್ಮನಾದ್ರು. ಕಣ್ಣು ತೆರದೇ ಇದ್ವು. ಕರದ್ರ ಓ ಅನ್ಲಿಲ್ಲ. ಕೈ ಮುಟ್ಟಿದ್ರ ಗಾಳ್ಯಾಗ ಹೋಗಿ ಬಂದವರ ಕೈ ಇದ್ದಂಗ ತಣ್ಣಗಿತ್ರಿ. ಡಾಕ್ಟರ್‌ನ್ನ ಕರದ್ನಿ. ಅವ್ರು ನಾಡಿ ಹಿಡದು, ಬ್ಯಾಟ್ರಿ ಹಾಕಿ ಕಣ್ಣು ನೋಡಿ, ಏನೂ ಆಗಿಲ್ಲ ನಿದ್ದಿ ಹತ್ಯದ ಅಂದ್ರು. ಕಣ್ಣು ತೆರಕೊಂಡು ಯಾರ್ ಮಲಗ್ತಾರ್ರಿ? ಭಾಳ ಹೊತ್ತಿಗಿ ಉಸಿರು ಎಳದು ನನ್ನ ಕಡಿ ನೋಡಿ, "ಬಿಟ್ಟು ಬಂದ್ನಿ," ಅಂದ್ರು. ಆಮ್ಯಾಲ ಅಂದ್ರು, "ಒಳಗ ಬಾ, ಚಹಾ ಕುಡ್ದು ಹೋಗು ಅಂತಾನ. ಮುಂದಿನ ಸಲ ಹೋಗ್ಬೇಕು, ಭಾಳ ಸಲ ಕರದಾನ."

ಬಾಯಿ, ನಿಮ್ಮ ಸಂಕಟ ನಂಗ ತಿಳೀತದ. ನೀವು ಹೆತ್ತವ್ರು. ನಾ ಏನ್ ಕೇಳ್ಲಿ. ಒಂದೇ ಕೇಳ್ತೇನಿ. ಇವ್ರು ನಿಮ್ಮ ಮನಿಗಿ ಬಂದ್ರ ಒಳಗ ಕರೀಬ್ಯಾಡ್ರಿ.

ನಿಮ್ಮ ಮಗಳಂಥಾಕಿ,
ಆರತಿ


ಭಾಲ್ಕಿ
17 ಫೆಬ್ರುವರಿ 2025

ಮುನೀರೋದ್ದೀನ ಸಾಹೇಬರಿಗೆ ಜೈ ಭೀಮ್.

ಬರೆಯಬೇಡಿ ಎಂದವಳು ನಾನೇ ಬರೆಯುತ್ತಿದ್ದೇನೆ.

ಆರತಿಯ ಪತ್ರ ಗುರುವಾರ ಬಂತು. ಎರಡು ಸಲ ಓದಿದೆ. ಅದರ ಹಿಂದಿನ ಭಾನುವಾರ, ಅಂದರೆ ಒಂಬತ್ತಕ್ಕೆ, ಯಾವಾಗಿನಂತೆ ದೀಪ ಹಚ್ಚುವ ಹೊತ್ತಿಗೆ ಬೈಕು ಬಂದಿತ್ತು. ನಾನು ಕೇಳಿದ್ದೆ. ಆ ಹೊತ್ತಿಗೆ ಹಣಮಂತ ಬೀದರದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಮಲಗಿದ್ದ, ಅವನ ಬೈಕು ಗ್ಯಾರೇಜಿನಲ್ಲಿತ್ತು. ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಮೂರು ದಿನ ಕುಳಿತೆ.

ನಿನ್ನೆ ಭಾನುವಾರ ಮಧ್ಯಾಹ್ನದಿಂದಲೇ ಮುಂದಿನ ಕೋಣೆಯಲ್ಲಿದ್ದೆ. ಬಾಗಿಲು ಹಾಕಿದ್ದೆ. ಈ ಆರು ತಿಂಗಳಲ್ಲಿ ಭಾನುವಾರ ನಾನು ಬಾಗಿಲು ಹಾಕಿದ್ದು ಅದೇ ಮೊದಲು. ಬೈಕು ಬಂತು. ಓಣಿಯ ಬಾಯಿಯಲ್ಲಿ ನಿಲ್ಲಲಿಲ್ಲ. ಒಳಗೆ ಬಂದು ನಮ್ಮ ಕಟ್ಟೆಯ ಮುಂದೆ ನಿಂತಿತು. ಅದರ ಸದ್ದು ಆರಿತು. ಹಿಂದೆ ಎಂದೂ ಆರಿರಲಿಲ್ಲ.

ಹೆಜ್ಜೆಗಳು ಅಂಗಳಕ್ಕೆ ಬಂದವು. ಒಂದು ಹೆಜ್ಜೆ ನನಗೆ ಗೊತ್ತಿರುವುದು, ಬಲಗಾಲು ಒಳಕ್ಕೆ ಬೀಳುವುದು. ಅದರ ಹಿಂದೆ ಇನ್ನೊಂದು ಇತ್ತು. ಕುಂಟುತ್ತಿರಲಿಲ್ಲ.

ಹೆತ್ತವಳಿಗೆ ಬಾಗಿಲ ಆಚೆ ಮಗ ನಿಂತಿದ್ದಾನೆ ಎನಿಸಿದಾಗ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ. ಚಿಲಕದ ಮೇಲೆ ಕೈ ಇಟ್ಟಿದ್ದೆ. ನಾನು ತೆರೆದಿದ್ದರೆ ಒಬ್ಬನೇ ಒಳಗೆ ಬರುತ್ತಿರಲಿಲ್ಲ. ಅದು ನನಗೆ ಕೈಯಲ್ಲಿ ತಿಳಿಯಿತು. ಬಾಗಿಲ ಈಚೆಯಿಂದಲೇ ಅಂದೆ:

"ಹಣಮಂತಾ, ನಿನ್ನ ಮನಿಗಿ ಹೋಗಪ್ಪಾ. ಆರತಿ ದಾರಿ ನೋಡ್ಲಾಕತ್ತಾಳ."

ನಾನು ಕುಣಾಲನಿಗೆ ಏನೂ ಹೇಳಲಿಲ್ಲ. ಹೇಳಲು ಬಾಯಿ ತೆರೆದಿದ್ದರೆ ಬಾ ಎಂದೇ ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಬೈಕು ಶುರುವಾಗಿ ದೂರವಾಯಿತು. ನನಗೆ ಗೊತ್ತಿರುವ ಹೆಜ್ಜೆ ಎತ್ತ ಹೋಯಿತೆಂದು ಕೇಳಿಸಲಿಲ್ಲ.

ನಿನ್ನೆ ಸಂಜೆ ಹಣಮಂತ ಎಷ್ಟು ಹೊತ್ತಿಗೆ ಎಚ್ಚರಗೊಂಡ ಎಂದು ಆರತಿಯನ್ನು ಕೇಳಿ ನೋಡಿ. ನನಗೆ ತಿಳಿಸಬೇಡಿ.

ಸಾಹೇಬರೇ, ನನ್ನ ಮಗ ಒಳ್ಳೆಯವನು. ಬೇಕೆಂದು ಯಾರಿಗೂ ಕೆಡುಕು ಮಾಡುವವನಲ್ಲ. ಒಬ್ಬನೇ ದಾರಿ ನಡೆಯಲು ಅವನಿಗೆ ಮೊದಲಿಂದ ಬೇಸರ. ಜೊತೆಗೆ ಯಾರಾದರೂ ಬರುತ್ತೇನೆಂದರೆ ಬೇಡವೆನ್ನಲು ಬರುವುದಿಲ್ಲ. ಬೇಡವೆನ್ನುವುದನ್ನು ಅವನಿಗೆ ನಾನು ಕಲಿಸಬೇಕಾಗಿತ್ತು. ಈಗ ಅವನ ಪರವಾಗಿ ನಾನೇ ಹೇಳಬೇಕು.

ಬರುವ ಭಾನುವಾರ ನಿಮ್ಮ ಪಂದ್ಯವಿದೆ ಎಂದು ಉಜ್ವಲಾ ಹೇಳಿದಳು. ಆಟ ಶುರುವಾಗುವ ಮೊದಲು ನಾನು ಬರುತ್ತೇನೆ. ಅವನು ಕೊನೆಗೆ ತೊಟ್ಟದ್ದನ್ನು ತರುತ್ತೇನೆ. ನಾನೇ ಇಡುತ್ತೇನೆ. ಕ್ಯಾಪ್ಟನ್ ಎತ್ತಿಕೊಳ್ಳುವಾಗ ನನ್ನ ಕೈ ಬಿಡದಿದ್ದರೆ ಅವನು ಬಿಡಿಸಿಕೊಳ್ಳಲಿ. ಮುಂಚೆಯೇ ಹೇಳಿಟ್ಟಿರಿ. ಸಮಿತಿಯವರಿಗೆ ಮೊದಲೇ ತಿಳಿಸಬೇಡಿ. ಅವರ ಗೆಲುವಿನ ಮಾತು ಕೇಳಿದರೆ ನನ್ನ ಮನಸ್ಸು ತಿರುಗಬಹುದು. ತಿರುಗಲು ಅದಕ್ಕೆ ಸಣ್ಣ ನೆಪ ಸಾಕು.

ಆಮೇಲೆ ತಸ್ಲೀಮನನ್ನು ಎಡ ಅಂಚಿಗೆ ನಿಲ್ಲಿಸಿ. ನಾನು ಮೆಟ್ಟಿಲ ಮೇಲೆ ಕುಳಿತು ಆಟ ಪೂರ್ತಿ ನೋಡುತ್ತೇನೆ. ಆ ಹುಡುಗನಿಗೆ ಅಲ್ಲಿ ಜಾಗವಿದೆಯೇ ಎಂದು ಯಾರೂ ಕೇಳಬೇಡಿ. ಅವನು ಓಡಿದರೆ ಕಾಣುತ್ತದೆ.

ಗಾಡಿ ಬೇಡ. ಬೆಳಗಿನ ಬಸ್ಸಿಗೆ ಬರುತ್ತೇನೆ, ಸಂಜೆಯ ಬಸ್ಸಿಗೆ ಹೋಗುತ್ತೇನೆ. ನನ್ನನ್ನು ಬಿಟ್ಟು ಬರಲು ಯಾರನ್ನೂ ಕಳಿಸಬೇಡಿ.

ಮಹಾಮಾಯಾ